ಬಾಯಿ ಮುಚ್ಚದ ಸೊನ್ನೆ

ನಮ್ಮ ತಮ್ಮಲೆ ಈ ಲೋಕದಲ್ಲಿ ಪೂರ್ತಿಯಾಗಿ ನಂಬಿದ್ದು ಇಳಿಜಾರನ್ನು ಮಾತ್ರ!

ನಗಬೇಡಿ. ಮನುಷ್ಯರನ್ನು ಅವರು ನಂಬುವುದಿಲ್ಲ. ಯಂತ್ರಗಳನ್ನು ನಂಬುವುದಿಲ್ಲ, ಏಕೆಂದರೆ ಅವನ್ನು ಮಾಡಿದವರು ಮನುಷ್ಯರು. ದೇವರನ್ನು ನಂಬುತ್ತಾರೆ, ಆದರೆ ಕೈ ಮುಗಿದು ನಿಂತಾಗಲೂ ಒಂದು ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಮೇಲೆಯೇ ಇರುತ್ತದೆ. ಇಳಿಜಾರು ಮಾತ್ರ ಈವರೆಗೆ ಯಾರಿಗೂ ಮೋಸ ಮಾಡಿಲ್ಲವಂತೆ. "ಇಳಿಜಾರಿಗೆ ಕಮಿಷನ್ ಬೇಡ, ಅದರಲ್ಲಿ ಡೂಪ್ಲಿಕೇಟ್ ಇಲ್ಲ. ಮೇಲೆ ಇಟ್ಟದ್ದು ಕೆಳಗೆ ಬಂದೇ ಬರ್ತದೆ" ಎನ್ನುತ್ತಾರೆ. ಇಷ್ಟು ಗಟ್ಟಿಯಾದ ವೇದಾಂತ ನಮ್ಮ ಓಣಿಯಲ್ಲಿ ಬೇರೆ ಯಾರ ಬಳಿಯೂ ಇಲ್ಲ.

ತಮ್ಮಲೆ ಎಂದರೆ ತುಳುವಿನಲ್ಲಿ ಸೋದರಮಾವ. ಇವರು ನನ್ನ ಅಮ್ಮನ ಅಣ್ಣ. ಹೆಸರು ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ, "ನನ್ನ ಹೆಸರು ಹಾಕಿದ್ದಕ್ಕೆ ನಿನಗೆಂತ ಲಾಭ?" ಎಂದು ತನಿಖೆ ಶುರುವಾಗುತ್ತದೆ. ಬಿಕರ್ನಕಟ್ಟೆಯಿಂದ ಕೆಳಗಿಳಿಯುವ ಓಣಿಯಲ್ಲಿ ಅವರ ಮನೆ, ಪಾಗಾರದ ಗೋಡೆಯ ಈಚೆ ನಮ್ಮ ಮನೆ. ಅಲ್ಲಿ ಸೀನಿದರೆ ಇಲ್ಲಿ ಕೇಳಿಸುತ್ತದೆ. ಹಾಗಾಗಿ ಈ ಕಥೆಗೆ ನಾನು ಕಣ್ಣಿನ ಸಾಕ್ಷಿಯೂ ಹೌದು, ಕಿವಿಯ ಸಾಕ್ಷಿಯೂ ಹೌದು. ನಾವೆಲ್ಲ ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ಬೈಗುಳಗಳನ್ನು ಮಾತ್ರ ತರಲಿಲ್ಲ. ಅವು ತುಳುವಿನಲ್ಲೇ ಚೆಂದ.

ಈ ಸಂಶಯ ಅವರಿಗೆ ಎಲ್ಲಿಂದ ಅಂಟಿತು? ಅವರು ಮೊದಲು ಕಂಕನಾಡಿ ಮಾರ್ಕೆಟಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ನಲ್ಲಿ, ಬೀಗ, ಬಿಜಾಗರಿ, ಸ್ಕ್ರೂ. "ಒರಿಜಿನಲ್ ಅಂತ ಹೇಳಿ ಡೂಪ್ಲಿಕೇಟ್ ಹೇಗೆ ಕೊಡ್ತಾರೆ ಅಂತ ನನಗೆ ಕಲಿಸ್ಲಿಕ್ಕೆ ಬರಬೇಡಿ. ಅಂಗಡಿ ಇಟ್ಟವ ನಾನು!" ಎಂದು ಒಮ್ಮೆ ಎದೆ ತಟ್ಟಿಕೊಂಡರು.

"ಹಾಗಾದರೆ ನೀವೂ ಹಾಗೆ ಕೊಡ್ತಿದ್ರಾ, ತಮ್ಮಲೆ?" ಎಂದು ಕೇಳಿದೆ.

"ನಾನು ಕೊಡ್ಲಿಲ್ಲ."

"ಮತ್ತೆ?"

"ಅದಕ್ಕೇ ಅಂಗಡಿ ಮುಚ್ಚಿದ್ದು!"

ಇಂಥವರಿಗೆ ಒಂದು ವ್ಯಾನೂ ಇದ್ದರೆ ಮನೆಯವರ ಗತಿ ಏನಾಗಬೇಡ? ತಮ್ಮಲೆಯ ವ್ಯಾನು ಹುಟ್ಟಿದಾಗ ಬಿಳಿಯಾಗಿತ್ತು. ಈಗ ಎಲೆ ಅಡಿಕೆ ಹಾಕುವವರ ಹಲ್ಲಿನ ಬಣ್ಣಕ್ಕೆ ತಿರುಗಿದೆ. ನಮ್ಮ ಎರಡೂ ಮನೆಗಳ ಮದುವೆ, ಮುಂಜಿ, ಹೆರಿಗೆ, ಸತ್ತವರ ಬೊಜ್ಜ ಎಲ್ಲಕ್ಕೂ ಅದೇ ವಾಹನ. ಪೆಟ್ರೋಲ್ ಬಂಕಿಗೆ ಹೋದರೆ ಯಾರೂ ಒಳಗೆ ಕೂತಿರುವ ಹಾಗಿಲ್ಲ. ತಮ್ಮಲೆ ಮೀಟರ್ ನೋಡಬೇಕು, ಅವರ ಹೆಂಡತಿ, ನನ್ನ ಮಾಮಿ, ಪೈಪು ನೋಡಬೇಕು, ನಾನು ಪೆಟ್ರೋಲ್ ಹಾಕುವವನ ಕೈ ನೋಡಬೇಕು. ಒಮ್ಮೆ ಆ ಪಾಪದ ಮನುಷ್ಯ ನಾಚಿಕೊಂಡು, "ಎಂತ ಅಕ್ಕ, ಗಂಡು ನೋಡ್ಲಿಕ್ಕೆ ಬಂದವರ ಹಾಗೆ ನೋಡ್ತಾ ಇದ್ದೀರಲ್ಲ?" ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಮ್ಮಲೆ ಮೀಟರಿನಿಂದ ಕಣ್ಣು ತೆಗೆಯದೆ ಕೂಗಿದರು: "ಉತ್ತರ ಕೊಡಬೇಡ! ಮಾತಾಡಿಸಿ ಗಮನ ತಪ್ಪಿಸ್ತಾನೆ!"

ವ್ಯಾನು ಗ್ಯಾರೇಜಿಗೆ ಹೋಗುವ ದಿನವಂತೂ ಅವರಿಗೆ ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ಸಂಕಟ. ಒಳ್ಳೆಯ ಭಾಗ ತೆಗೆದು ಹಳೆಯದನ್ನು ಸಿಕ್ಕಿಸಿಬಿಟ್ಟರೆ? ಅದಕ್ಕೊಂದು ಉಪಾಯ ಮಾಡಿದರು. ಮಾಮಿ ತನ್ನ ತಮ್ಮನ ಮದುವೆಗೆಂದು ಆಸೆಪಟ್ಟು ತಂದ ಕೆಂಪು ನೈಲ್ ಪಾಲಿಶ್ ಒಂದಿತ್ತು. ಅವರು ಹಚ್ಚಿಕೊಂಡದ್ದು ಆ ಒಂದೇ ಸಲ. ಮರುದಿನವೇ ಬಾಟಲಿ ವ್ಯಾನಿನ ಸೊತ್ತಾಯಿತು. ಬ್ಯಾಟರಿ, ಕಾರ್ಬುರೇಟರ್, ಸೆಲ್ಫ್, ಜಾಕ್, ಕೊನೆಗೆ ಹಿಂದಿನ ಸೀಟಿನ ಅಡಿ, ಎಲ್ಲೆಲ್ಲಿ ಕೈ ಹೋಗುತ್ತದೋ ಅಲ್ಲೆಲ್ಲ ತಮ್ಮಲೆ ಒಂದು ಸೊನ್ನೆ ಬರೆದು ನಡುವೆ ಒಂದು ಚುಕ್ಕಿ ಇಟ್ಟರು. ಇದು ಅವರ ರಹಸ್ಯ ಗುರುತು. ಎಷ್ಟು ರಹಸ್ಯ ಎಂದರೆ, ಹಾಲಿನವನಿಗೂ ಗೊತ್ತಿತ್ತು!

ಆ ಸೊನ್ನೆಗೆ ಒಂದು ವಿಶೇಷವಿತ್ತು. ತಮ್ಮಲೆಯ ಕೈ ಹಿಂದಿನಿಂದಲೂ ಸ್ವಲ್ಪ ನಡುಗುತ್ತದೆ. ಅವರ ಸೊನ್ನೆಯ ಎರಡು ತುದಿಗಳು ಎಂದೂ ಒಂದನ್ನೊಂದು ಮುಟ್ಟಿದ್ದಿಲ್ಲ. ಸರಿಯಾಗಿ ಒತ್ತದ ಕೋಡುಬಳೆಯ ಹಾಗೆ ಬಾಯಿ ಬಿಟ್ಟುಕೊಂಡೇ ಇರುತ್ತದೆ. ನಾನು ಹಾಸ್ಯ ಮಾಡಿದರೆ ಅದನ್ನೇ ಹೆಮ್ಮೆಯ ವಿಷಯ ಮಾಡಿಕೊಂಡರು. "ಅದೇ ಗುಟ್ಟು, ಮಾರಾಯ್ತಿ! ಕಳ್ಳ ನಕಲು ಮಾಡುವಾಗ ಸೊನ್ನೆಯನ್ನು ಚಂದ ಮಾಡಿ ಮುಚ್ಚಿಬಿಡ್ತಾನೆ. ಬಾಯಿ ಬಿಡುವ ಬುದ್ಧಿ ಅವನಿಗೆ ಎಲ್ಲಿಂದ ಬರಬೇಕು?"

ಹೀಗೆ ಕೋಟೆ ಭದ್ರವಾಗಿದ್ದಾಗ ಸೆಲ್ಫ್ ಕೈಕೊಟ್ಟಿತು.

ಕೀಲಿ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುವ ಮೋಟಾರಿಗೆ ಗ್ಯಾರೇಜಿನವರು ಸೆಲ್ಫ್ ಎನ್ನುತ್ತಾರೆ. ನಮ್ಮ ವ್ಯಾನಿನದು ಒಂದು ಬೆಳಿಗ್ಗೆ 'ಟಕ್' ಎಂದು ಹೇಳಿ ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು 'ಟಕ್'. ತಮ್ಮಲೆ ಕೆಳಗೆ ನುಸುಳಿ ಸ್ಪ್ಯಾನರಿನಿಂದ ನಾಲ್ಕು ಬಾರಿಸಿದಾಗ ಎದ್ದಿತು. ಕೆಲವು ದಿನ ಹೊಡೆತಕ್ಕೆ ಬಗ್ಗಿತು, ಆಮೇಲೆ ಅದಕ್ಕೂ ಜಪ್ಪೆನ್ನಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ದಿನವೇ ಮೆಕ್ಯಾನಿಕ್‌ಗೆ ಫೋನು ಮಾಡುತ್ತಿದ್ದರು. ತಮ್ಮಲೆ ಮಾಡಿದ್ದೇನು? ವ್ಯಾನನ್ನು ಓಣಿಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರು. ಬೆಳಿಗ್ಗೆ ಬ್ರೇಕು ಬಿಟ್ಟರೆ ಅದು ತಾನಾಗಿ ಉರುಳುತ್ತದೆ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಎದ್ದು ಕೂರುತ್ತದೆ. "ನೋಡಿದೆಯಾ? ಸೆಲ್ಫ್ ಅಂತ ಒಂದು ಬೇಕೇ ಬೇಕು ಅಂತ ಕಂಪೆನಿಯವರು ನಮ್ಮನ್ನು ನಂಬಿಸಿದ್ದಾರೆ!"

ಅಲ್ಲಿಂದ ಶುರುವಾಯಿತು ನಮ್ಮ ಇಳಿಜಾರಿನ ಸಂಸಾರ. ಮಂಗಳೂರಿನಲ್ಲಿ ಗುಡ್ಡ, ತಗ್ಗುಗಳಿಗೆ ಬರವಿಲ್ಲ ಎನ್ನುವುದೇ ನಮ್ಮ ಪುಣ್ಯ. ಎಲ್ಲಿಗೆ ಹೊರಟರೂ ತಮ್ಮಲೆಯ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಇಳಿಜಾರು ಉಂಟಾ?" ಹಳೆಯ ಡಾಕ್ಟರರ ಕ್ಲಿನಿಕ್ ಎದುರು ರಸ್ತೆ ಚಪ್ಪಟೆ ಎಂದು ಡಾಕ್ಟರನ್ನೇ ಬದಲಿಸಿದರು. ಹೊಸಬರು ಮಕ್ಕಳ ಡಾಕ್ಟರು, ಆದರೆ ಗುಡ್ಡದ ಮೇಲೆ ಇದ್ದರು. ನೆಂಟರಿಷ್ಟರಲ್ಲೇ ಎರಡು ಪಂಗಡವಾಯಿತು, ಇಳಿಜಾರಿನ ನೆಂಟರು ಮತ್ತು ಸಮತಟ್ಟಿನ ನೆಂಟರು. ದೂರದ ಸಂಬಂಧದ ಅಜ್ಜಿಯೊಬ್ಬರು ತೀರಿಕೊಂಡಾಗ, ಮನೆ ಬಯಲಿನಲ್ಲಿದೆ ಎಂದು ತಮ್ಮಲೆ ಸಾವಿಗೆ ಹೋಗಲಿಲ್ಲ. ಬೊಜ್ಜದ ಊಟಕ್ಕೆ ಹೋದರು. ಆ ಹಾಲ್ ಏರಿನ ತುದಿಯಲ್ಲಿತ್ತು! "ಅಜ್ಜಿಗೆ ಬೇಸರ ಆಗ್ಲಿಕ್ಕಿಲ್ಲ, ಅವರೂ ಮೇಲೆಯೇ ಹೋಗಿದ್ದಾರಲ್ಲ" ಎಂದು ಸಮಾಧಾನ ಬೇರೆ.

"ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಬಾರದಾ?" ಎಂದು ಮಾಮಿ ದಿನಕ್ಕೊಮ್ಮೆ ಕೇಳುತ್ತಿದ್ದರು.

"ತೋರಿಸಿದರೆ ಅವ ಎಂತ ಹೇಳ್ತಾನೆ? ರಿಪೇರಿ ಸಾಕು ಅಂದರೆ ಏನೋ ಮುಚ್ಚಿಡ್ತಾನೆ. ಹೊಸದು ಬೇಕು ಅಂದರೆ ಕಮಿಷನ್ ಉಂಟು."

"ಎರಡೂ ಹೇಳದಿದ್ದರೆ?"

"ಆಗ ಅವನಿಗೆ ಕೆಲಸ ಗೊತ್ತಿಲ್ಲ."

ಇಷ್ಟಾಗಿ ಆ ಮೆಕ್ಯಾನಿಕ್ ಹೊಸಬರಲ್ಲ. ನಂತೂರಿನ ಹತ್ತಿರ ಅವರ ಗ್ಯಾರೇಜು. ವ್ಯಾನು ಬಂದಾಗಿನಿಂದ ಅವರೇ ನೋಡಿಕೊಂಡವರು. ಕ್ರಿಶ್ಚಿಯನ್ ಹಿರಿಯರನ್ನು ನಾವು ತುಳುವರು ಮರ್ಯಾದೆಯಿಂದ ಪೊರ್ಬುಗಳು ಎನ್ನುವುದುಂಟು. ತಮ್ಮಲೆ ಅವರನ್ನು ಕರೆಯುವುದು ಹಾಗೆಯೇ. ಅವರು ತಮ್ಮಲೆಯನ್ನು ಅಣ್ಣೆರೆ ಎನ್ನುತ್ತಾರೆ. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕುಸ್ವಾರ್ ತಿಂಡಿಯ ತಟ್ಟೆ ಬರುತ್ತದೆ, ಚೌತಿಗೆ ಇಲ್ಲಿಂದ ಕಡುಬು ಹೋಗುತ್ತದೆ. ತಮ್ಮಲೆ ಅವರ ಕಲ್‌ಕಲ್ ಎಂಬ ಸಿಹಿಯನ್ನು ಸಂತೋಷದಿಂದ ತಿನ್ನುತ್ತಾರೆ, ಅವರ ಬಿಲ್ಲನ್ನು ಮಾತ್ರ ಬೆಳಕಿಗೆ ಹಿಡಿದು ನೋಡುತ್ತಾರೆ.

ಇಳಿಜಾರಿನ ಮೇಲಿನ ಈ ಭಕ್ತಿಗೆ ಭಂಗ ಬಂದದ್ದು ನಂತೂರು ಸರ್ಕಲ್‌ನಲ್ಲಿ. ಒಂದು ಮದುವೆಗೆ ಹೊರಟಿದ್ದೆವು. ಮಾಮಿ ರೇಷ್ಮೆ ಸೀರೆಯಲ್ಲಿ, ನಾನೂ ರೇಷ್ಮೆ ಸೀರೆಯಲ್ಲಿ, ತಮ್ಮಲೆ ಬಿಳಿ ಷರಟಿನಲ್ಲಿ. ಟ್ಯಾಂಕರು, ಬಸ್ಸು, ಲಾರಿ ಎಲ್ಲ ನಾಲ್ಕು ಕಡೆಯಿಂದ ನುಗ್ಗುವ ನಟ್ಟನಡುವೆ ವ್ಯಾನು ಉಸಿರು ಬಿಟ್ಟಿತು. ಅಲ್ಲಿ ಇಳಿಜಾರು ಎಲ್ಲಿಂದ ತರುವುದು? ಹಿಂದೆ ಬಸ್ಸಿನವನು ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ. ಕೊನೆಗೆ ಕಂಡಕ್ಟರೇ ಇಳಿದು ಬಂದು, "ಅಕ್ಕ, ನೀವೂ ಕೈ ಕೊಡಿ" ಎಂದು ನಮ್ಮಿಬ್ಬರನ್ನೂ ಇಳಿಸಿ, ಇನ್ನೂ ಒಂದಿಬ್ಬರನ್ನು ಸೇರಿಸಿ ತಳ್ಳಿಸಿದ. "ರೈಟ್, ರೈಟ್, ಹೋಗ್ಲಿ!" ಎಂದು ವ್ಯಾನಿನ ತಗಡಿಗೆ ಬಡಿದ. ವ್ಯಾನು ಎದ್ದಿತು. ನನ್ನ ಸೀರೆಯ ನೆರಿಗೆ ಬಿದ್ದಿತು. ಓಡಿ ಹೋಗಿ ಹತ್ತಿ ಕೂತಾಗ ತಮ್ಮಲೆಯ ಮುಖ ಗಂಭೀರವಾಗಿತ್ತು.

"ಬಸ್ಸಿನವರು ಪುಕ್ಕಟೆ ತಳ್ಳುವುದುಂಟಾ? ಅವನಿಗೆ ಅಷ್ಟು ಉತ್ಸಾಹ ಯಾಕೆ? ಏನೋ ಉಂಟು."

ಮಾಮಿ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. "ನಾವು ದಾರಿಗೆ ಅಡ್ಡ ನಿಂತಿದ್ದೆವು! ಅದೇ ಉಂಟು! ಇನ್ನು ಸೆಲ್ಫ್ ಸರಿ ಮಾಡಿಸದೆ ಈ ವ್ಯಾನಿಗೆ ನಾನು ಕಾಲಿಡುವುದಿಲ್ಲ. ನೀವೂ ನಿಮ್ಮ ಇಳಿಜಾರೂ ಸುಖವಾಗಿರಿ!"

ಹೀಗೆ ತಮ್ಮಲೆ ಕಡೆಗೂ ಗ್ಯಾರೇಜಿಗೆ ಹೋದರು. ಕೂರಲು ಮನೆಯಿಂದಲೇ ಮಣೆ ಒಯ್ದರು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತರೆ ಗೋಡೆಯ ಕಡೆ ಮುಖವಾಗುತ್ತದಂತೆ, ಅದು ಬೇಕಂತಲೇ ಹಾಗೆ ಇಟ್ಟದ್ದಂತೆ. ವ್ಯಾನು ರಿಪೇರಿ ಹೊಂಡದ ಮೇಲೆ ನಿಂತಿತು. ಪೊರ್ಬುಗಳು ಕೆಳಗಿಳಿದು ನೋಡಿ, "ಅಣ್ಣೆರೆ, ಇದರ ಆಯುಷ್ಯ ಮುಗಿದಿದೆ. ಹೊಸದು ಹಾಕುವಾ" ಎಂದರು. ತಮ್ಮಲೆ ತಾವೇ ಬೇರೆ ಅಂಗಡಿಯಿಂದ ಹೊಸ ಸೆಲ್ಫ್ ತಂದು ಕೊಟ್ಟರು. ಒಂದೇ ಒಂದು ಕರಾರು: ತೆಗೆದ ಹಳೆಯದು ತನ್ನ ಕೈಗೇ ಬರಬೇಕು. ಇಡೀ ಹೊತ್ತು ಕಣ್ಣು ಮಿಟುಕಿಸದೆ ಕಾದರು. ಆದರೆ ಸಕ್ಕರೆ ಕಾಯಿಲೆಯವರಿಗೆ ಕಾಯುವ ಕೆಲಸ ಕಷ್ಟ. ನಡುವೆ ಒಮ್ಮೆ ಹಿತ್ತಿಲ ಕಡೆ ಹೋಗಿ ಬರಬೇಕಾಯಿತು. ಬಂದು ನೋಡಿದರೆ ಹಳೆಯದು ಕಳಚಿ ನೆಲದ ಮೇಲಿತ್ತು, ಹೊಸದು ಕೂತಾಗಿತ್ತು. ಹೊಸದಕ್ಕೆ ಗುರುತು ಹಾಕೋಣವೆಂದು ಕಿಸೆಯಿಂದ ನೈಲ್ ಪಾಲಿಶ್ ತೆಗೆದರೆ ಬಾಟಲಿ ಒಣಗಿ ಕಲ್ಲಾಗಿತ್ತು!

ಕೀಲಿ ತಿರುಗಿಸಿದೊಡನೆ ವ್ಯಾನು ಸ್ಟಾರ್ಟ್ ಆಯಿತು. "ಇಷ್ಟು ಬೇಗ ಯಾಕೆ ಆಯ್ತು?" ಎನ್ನುವುದೇ ಅವರ ಮೊದಲ ಮಾತು.

ಅದೇ ಸಂಜೆ ನಾನು ಪಾಗಾರ ದಾಟಿ ಹೋದಾಗ ಜಗಲಿಯಲ್ಲಿ ಪೇಪರು ಹಾಸಿ, ಹಳೆಯ ಸೆಲ್ಫನ್ನು ನಡುವೆ ಇಟ್ಟು ತಮ್ಮಲೆ ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದರು. ಮಾಮಿ ಬಾಗಿಲಲ್ಲಿ ನಿಂತಿದ್ದರು. ಕಪ್ಪು ಜಿಡ್ಡು ಹೋದ ಹಾಗೆ ಕೆಂಪು ಕಂಡಿತು. ಸೊನ್ನೆ ಇತ್ತು. ಚುಕ್ಕಿಯೂ ಇತ್ತು.

"ಉಂಟಲ್ಲ ತಮ್ಮಲೆ, ನಿಮ್ಮದೇ ಗುರುತು!" ಎಂದೆ. ಅಬ್ಬಾ, ಮುಗಿಯಿತು ಎಂದುಕೊಂಡೆ.

ತಮ್ಮಲೆ ಕನ್ನಡಕ ಸರಿಸಿ ಮೂಗಿನ ಹತ್ತಿರ ತಂದು ನೋಡಿದರು. ಬೆರಳಿನಿಂದ ಸವರಿದರು. ಅವರ ಮುಖ ಕೆಂಪಾಯಿತು.

"ಇದು ನನ್ನ ಸೊನ್ನೆ ಅಲ್ಲ. ಇದು ಮುಚ್ಚಿದೆ!"

ನಾನೂ ಬಗ್ಗಿ ನೋಡಿದೆ. ಹೌದು, ಬಳೆಯಿಟ್ಟು ಎಳೆದ ಹಾಗೆ ಉರುಟಾದ, ಸಂದಿಲ್ಲದ ಸೊನ್ನೆ.

"ಬರೀ ಕಳ್ಳತನ ಅಲ್ಲ ಇದು, ಫೋರ್ಜರಿ! ನನ್ನ ಒರಿಜಿನಲ್ ತೆಗೆದಿಟ್ಟು, ಯಾವುದೋ ಸತ್ತ ವ್ಯಾನಿನದ್ದಕ್ಕೆ ನನ್ನ ಗುರುತು ಬರೆದು ಕೊಟ್ಟಿದ್ದಾರೆ! ನಾನು ಒಂದಕ್ಕೆ ಹೋಗಿ ಬರುವಷ್ಟರಲ್ಲಿ!" ಎಂದು ಎದ್ದು ನಿಂತರು. ಅಷ್ಟು ಹೊತ್ತಿನಲ್ಲಿ ಸೊನ್ನೆ ಬರೆದು, ಒಣಗಿಸಿ, ಅದರ ಮೇಲೆ ಹಳೆಯ ಜಿಡ್ಡು ಬಳಿಯುವುದು ಹೇಗೆ ಎಂದು ನಾನು ಕೇಳಿದೆ. "ಅದೇ ಕೈಚಳಕ!" ಎಂದು ಉತ್ತರ ಬಂತು. ಆ ಕ್ಷಣವೇ ಫೋನು ಮಾಡಿದರು. ಪೊರ್ಬುಗಳಿಗೆ ಅಂದದ್ದನ್ನೆಲ್ಲ ಬರೆಯಲಾರೆ. ನಾಳೆ ಬೆಳಿಗ್ಗೆ ಸಾಮಾನು ಸಮೇತ ಬರುತ್ತೇನೆ, ನಿಮ್ಮ ಗಿರಾಕಿಗಳ ಎದುರೇ ಇಡುತ್ತೇನೆ, ನಂತೂರಿಗೆಲ್ಲ ಗೊತ್ತಾಗಲಿ ಎಂಬುದು ಸಾರಾಂಶ. ಆಚೆಯಿಂದ ಕೇಳಿದ್ದು ಒಂದೇ ಮಾತು: "ಆಯ್ತು ಅಣ್ಣೆರೆ. ತನ್ನಿ, ನೋಡುವಾ."

ಮಾಮಿ ಬಾಗಿಲಲ್ಲಿ ಇರಲಿಲ್ಲ. ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ಮಾಮಿ ಅದರ ಎದುರೇ ನಿಂತಿದ್ದರೂ ನೋಡುತ್ತಿರಲಿಲ್ಲ. ನಾನು ಗ್ಯಾಸ್ ಆರಿಸಿದೆ.

"ಮಗಾ, ಆ ಸೊನ್ನೆ ಬರೆದದ್ದು ನಾನು" ಎಂದರು.

ನಾನು ಬಾಯಿ ತೆರೆದವಳು ಹಾಗೆಯೇ ನಿಂತೆ. ತಮ್ಮಲೆಯ ಸೊನ್ನೆಯ ಹಾಗೆ!

ತಮ್ಮಲೆಗೆ ಎದೆನೋವು ಬಂದು ಕಂಕನಾಡಿಯ ಆಸ್ಪತ್ರೆಯಲ್ಲಿ ಮಲಗಿದ್ದ ಕಾಲ ನನಗೆ ನೆನಪಿತ್ತು. ಡಿಸ್ಚಾರ್ಜ್ ಆಗುವ ದಿನ, ಬೇರೆ ಯಾರ ಗಾಡಿಗೂ ಹತ್ತುವುದಿಲ್ಲ, ನನ್ನ ವ್ಯಾನೇ ಬರಬೇಕು ಎಂದು ಹಟ ಹಿಡಿದಿದ್ದರು. ನನಗೆ ಗೊತ್ತಿಲ್ಲದ್ದು ಇಷ್ಟು: ಆ ಬೆಳಿಗ್ಗೆ ವ್ಯಾನು ಏಳಲೇ ಇಲ್ಲ. ಸೆಲ್ಫಿನ ಒಳಗೆಲ್ಲ ಸುಟ್ಟುಹೋಗಿತ್ತು. ಮಾಮಿ ಅಳುತ್ತಾ ಪೊರ್ಬುಗಳಿಗೆ ಫೋನು ಮಾಡಿದರು. ಅವರು ಇನ್ನೊಂದು ವ್ಯಾನಿನ ಸೆಲ್ಫ್ ತಂದು ಹಾಕಿ, ತಾವೇ ಓಡಿಸಿಕೊಂಡು ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದರು.

"ಮನಸ್ಸಿಗೆ ಬೇಜಾರು ಆಗುವ ಹಾಗೆ ಎಂತದೂ ಹೇಳಬೇಡಿ ಅಂತ ಡಾಕ್ಟರು ಹೇಳಿದ್ರು. ಸೆಲ್ಫ್ ಬದಲಾಯ್ತು ಅಂದಿದ್ರೆ ಇವರು ಅಲ್ಲೇ ಲಿಫ್ಟಿನ ಹತ್ರ ಎದೆ ಹಿಡ್ಕೊಳ್ತಿದ್ರು. ಯಾರಿಗೂ ಹೇಳಬೇಡಿ ಅಂತ ಪೊರ್ಬುಗಳ ಹತ್ರ ನಾನೇ ಕೇಳಿಕೊಂಡೆ. ಹಾಕುವ ಮೊದಲು ಗುರುತನ್ನೂ ಬರೆದೆ. ಇವರ ಹಾಗೆ ಬಾಯಿ ಬಿಟ್ಟು ಬರೀಲಿಕ್ಕೆ ನೋಡಿದೆ ಮಗಾ, ಕೈ ಕೇಳ್ಲಿಲ್ಲ. ದಿನಾ ತುಳಸಿ ಎದುರು ರಂಗೋಲಿ ಹಾಕುವ ಕೈ, ಸೊನ್ನೆ ಮುಚ್ಚಿಯೇ ಬಿಟ್ಟಿತು."

"ಹಾಗಾದ್ರೆ ಒರಿಜಿನಲ್?"

"ಗುಜರಿಗೆ ಹೋಯ್ತು. ಈಗ ಯಾರ ಮನೆ ಗೇಟಾಗಿದೆಯೋ."

ನಗು ಬಂತು, ಆದರೆ ಮಾಮಿಯ ಮುಖ ನೋಡಿ ನುಂಗಿಕೊಂಡೆ. ಪೊರ್ಬುಗಳು ಆ ದಿನ ಕೊಟ್ಟ ಮಾತಿಗೆ ಕಟ್ಟುಬಿದ್ದು, ಈಗಷ್ಟೇ ಫೋನಿನಲ್ಲಿ ಕಳ್ಳ ಎನಿಸಿಕೊಂಡರೂ ತುಟಿ ಬಿಚ್ಚಿರಲಿಲ್ಲ. ನಾಳೆ ಅವರ ಗ್ಯಾರೇಜಿನಲ್ಲಿ, ಅವರ ಗಿರಾಕಿಗಳ ಎದುರು ಅವರ ಮಾನ ಹೋಗುತ್ತದೆ. ಮಾಮಿ ಸತ್ಯ ಹೇಳಿದರೆ ಅದು ಉಳಿಯುತ್ತದೆ.

"ಹೇಳಿಬಿಡಿ ಮಾಮಿ. ಬೈತಾರೆ, ಅಷ್ಟೇ ಅಲ್ವಾ?"

"ಬೈದರೆ ಬೈಲಿ. ನಿನಗೆ ಗೊತ್ತುಂಟಾ, ಇಷ್ಟು ವರ್ಷದಲ್ಲಿ ಅವರಿಗೆ ಸಂಶಯ ಬಾರದ್ದು ಅಂತ ಇದ್ದರೆ ನನ್ನೊಬ್ಬಳ ಮೇಲೆ. ಅಂಗಡಿ ಇದ್ದಾಗ ಅದರ ಬೀಗದ ಕೈ ನನ್ನ ಹತ್ರವೇ ಇತ್ತು. ಮಾತ್ರೆ ನಾನು ಕೊಟ್ಟರೆ ಮಾತ್ರ ಹೆಸರು ಓದದೆ ನುಂಗ್ತಾರೆ. ನಾಳೆಯಿಂದ ಅದನ್ನೂ ಬೆಳಕಿಗೆ ಹಿಡಿದು ನೋಡ್ತಾರೆ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಆದರೂ ಹೇಳ್ತೇನೆ. ಪಾಪದ ಮನುಷ್ಯನನ್ನು ಕಳ್ಳ ಮಾಡ್ಲಿಕ್ಕಾಗುದಿಲ್ಲ. ನಾಳೆ ನೀನೂ ಬಾ, ನನಗೆ ಧೈರ್ಯಕ್ಕೆ."

ಮರುದಿನ ಬೆಳಿಗ್ಗೆ ನಾನು ಹೋದಾಗ ಮಾಮಿ ತುಳಸಿಕಟ್ಟೆಯ ಮುಂದೆ ಕೂತು ರಂಗೋಲಿ ಹಾಕುತ್ತಿದ್ದರು. ಮೊದಲು ಒಂದು ಚುಕ್ಕಿ, ಅದರ ಸುತ್ತ ಒಂದೇ ಎಳೆಯಲ್ಲಿ ಒಂದು ಸೊನ್ನೆ, ಆಮೇಲೆ ದಳಗಳು. ತಮ್ಮಲೆ ಜಗಲಿಯಲ್ಲಿ ಚಾ ಲೋಟ ಹಿಡಿದು ನಿಂತಿದ್ದರು. ಕುಡಿಯುತ್ತಿರಲಿಲ್ಲ. ಮಾಮಿಯ ಕೈಯನ್ನು ಪೆಟ್ರೋಲ್ ಮೀಟರ್ ನೋಡುವ ಹಾಗೆ ನೋಡುತ್ತಿದ್ದರು. "ಎಂತ ತ‌ಮ್ಮಲೆ, ರಂಗೋಲಿ ಪುಡಿಯೂ ಡೂಪ್ಲಿಕೇಟಾ?" ಎಂದು ಕೇಳಿದೆ. ಚಾ ತಣಿದು ಕೆನೆ ಕಟ್ಟಿತು. ಅದನ್ನು ಹಾಗೆಯೇ ಒಳಗಿಟ್ಟು, "ಹೊರಡುವಾ" ಎಂದರು.

ಹಳೆಯ ಸೆಲ್ಫನ್ನು ಗೋಣಿಯಲ್ಲಿ ಸುತ್ತಿ ಮಾಮಿಯ ಕಾಲ ಬಳಿ ಇಟ್ಟರು. ಸ್ವಲ್ಪ ದೂರ ಹೋದ ಮೇಲೆ ಮಾಮಿ ಬಾಯಿ ತೆರೆದರು. "ಇಕೊಳ್ಳಿ, ನಾನೊಂದು ಮಾತು..."

"ಈಗ ಮಾತಾಡಬೇಡ. ಎಂಜಿನ್ ಕೇಳ್ತಾ ಇದ್ದೇನೆ."

ದಾರಿಯಲ್ಲಿ ಒಂದು ಫ್ಯಾನ್ಸಿ ಅಂಗಡಿಯ ಎದುರು ವ್ಯಾನು ನಿಲ್ಲಿಸಿ, "ಇಳಿಯಬೇಡಿ" ಎಂದು ಒಳಗೆ ಹೋದರು. ಬಳೆ, ಕ್ಲಿಪ್ಪು, ರಿಬ್ಬನ್ ಮಾರುವ ಅಂಗಡಿಯಲ್ಲಿ ಈ ಮನುಷ್ಯನಿಗೇನು ಕೆಲಸ? "ಭೂತಕನ್ನಡಿ ತರ್ಲಿಕ್ಕೆ ಹೋಗಿರಬೇಕು, ಸಾಕ್ಷಿಗೆ" ಎಂದು ಮಾಮಿ ಮೆಲ್ಲಗೆ ಹೇಳಿದರು. ತಮ್ಮಲೆ ಬಂದು ಏನನ್ನೋ ಕಿಸೆಗೆ ಹಾಕಿಕೊಂಡು, ಹೇಳದೆ ಕೇಳದೆ ಸ್ಟಾರ್ಟ್ ಮಾಡಿದರು.

ಗ್ಯಾರೇಜಿನಲ್ಲಿ ಆಗಲೇ ಒಂದಿಬ್ಬರು ಗಿರಾಕಿಗಳಿದ್ದರು. ಪೊರ್ಬುಗಳು ಬನಿಯನ್ನಿನ ಮೇಲೆ ಶುಭ್ರವಾದ ಷರಟು ತೊಟ್ಟು ನಿಂತಿದ್ದರು, ಕೋರ್ಟಿಗೆ ಹೊರಟವರ ಹಾಗೆ. ತಮ್ಮಲೆ ಗೋಣಿ ಬಿಚ್ಚಿ ಸೆಲ್ಫನ್ನು ಎಲ್ಲರ ಎದುರು ಮೇಜಿನ ಮೇಲೆ ಇಟ್ಟರು, ಕೆಂಪು ಸೊನ್ನೆ ಮೇಲೆ ಬರುವ ಹಾಗೆ.

ಮಾಮಿ ಮುಂದೆ ಬಂದರು. "ಅದು..."

ತಮ್ಮಲೆ ಕೈ ಎತ್ತಿ ತಡೆದರು. "ಪೊರ್ಬುಗಳೇ, ನಿನ್ನೆ ಫೋನಿನಲ್ಲಿ ನಾನು ಹೇಳಿದ್ದು ಎಲ್ಲ ತಪ್ಪು. ಈ ಗುರುತು ನಮ್ಮ ಮನೆಯದ್ದೇ. ನನ್ನನ್ನು ಮಾಫಿ ಮಾಡ್ಬೇಕು."

ಓದುಗರೇ, ನಾನು ಹುಟ್ಟಿದ ಮೇಲೆ ತಮ್ಮಲೆ ಒಂದು ಮಾತು ಹಿಂದೆ ತೆಗೆದುಕೊಂಡದ್ದನ್ನು ನೋಡಿರಲಿಲ್ಲ, ವ್ಯಾನನ್ನೇ ಅವರು ರಿವರ್ಸ್ ತೆಗೆಯುವುದು ಅಪರೂಪ! ಪೊರ್ಬುಗಳು ಸೊನ್ನೆ ನೋಡಿದರು, ಮಾಮಿಯನ್ನು ನೋಡಿದರು, ಮತ್ತೆ ತಮ್ಮಲೆಯನ್ನು ನೋಡಿದರು. "ಅದಕ್ಕೆಂತ ಅಣ್ಣೆರೆ, ಬಿಡಿ" ಎಂದರು.

"ಬಿಡ್ಲಿಕ್ಕಿಲ್ಲ. ಹೊಸದಕ್ಕೆ ಗುರುತು ಹಾಕ್ಲಿಕ್ಕೆ ಬಾಕಿ ಉಂಟು. ವ್ಯಾನು ಹೊಂಡದ ಮೇಲೆ ತನ್ನಿ."

ವ್ಯಾನು ಹೊಂಡದ ಮೇಲೆ ಬಂತು. ತಮ್ಮಲೆ ಕಿಸೆಗೆ ಕೈ ಹಾಕಿದರು. ಭೂತಕನ್ನಡಿಯಲ್ಲ, ಹೊಚ್ಚಹೊಸ ಕೆಂಪು ನೈಲ್ ಪಾಲಿಶ್! ಅದನ್ನು ಮಾಮಿಯ ಕಡೆ ಚಾಚಿದರು.

"ನೀನು ಹಾಕು."

"ನಾನಾ?"

"ನನ್ನ ಕೈ ನಡುಗ್ತದೆ. ಈ ವ್ಯಾನು ನನ್ನ ಕಣ್ಣು ತಪ್ಪಿದ ಆ ಆಸ್ಪತ್ರೆಯ ದಿನಗಳಲ್ಲೂ ನಡುಗ್ತಾ ಇತ್ತು. ನಿನ್ನ ಕೈ ಗಟ್ಟಿ ಉಂಟು."

ಮಾಮಿಗೆ ಎಲ್ಲವೂ ಅರ್ಥವಾಯಿತು. ಬಾಟಲಿ ತೆಗೆದುಕೊಂಡರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ತಮ್ಮಲೆ ಮೊದಲು ತಾವು ಹೊಂಡಕ್ಕಿಳಿದು, ಕೈ ಹಿಡಿದು ಅವರನ್ನು ಇಳಿಸಿಕೊಂಡರು. ಟಾರ್ಚು ಹಚ್ಚಿದರು. ನಾನೂ ಪೊರ್ಬುಗಳೂ ಬಗ್ಗಿ ನೋಡಿದ್ದೇ ತಡ, ಕೆಳಗಿನಿಂದ ಗುಡುಗು ಕೇಳಿಸಿತು.

"ಎಂತ ನೋಡುವುದು? ರಹಸ್ಯ ಗುರುತು ಇದು! ಪೊರ್ಬುಗಳೇ, ಆಚೆ ತಿರುಗಿ! ನೀನೂ ಅಷ್ಟೇ, ಮಾರಾಯ್ತಿ, ಗೋಡೆ ಕಡೆ ನೋಡು!"

ನಾವು ತಿರುಗಿ ನಿಂತೆವು. ನನ್ನೆದುರು ಹಳೆಯ ಟಯರುಗಳ ರಾಶಿ, ಗೋಡೆಯಲ್ಲಿ ಬಾಲಯೇಸುವಿನ ಕ್ಯಾಲೆಂಡರು. ಪೊರ್ಬುಗಳು ಕೈ ಒರೆಸುವ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು. ನನಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು, ಗೋಡೆಗೆ ಎರಡನ್ನೂ ತೋರಿಸಿದೆ.

ಹೊಂಡದಿಂದ ತಮ್ಮಲೆಯ ದನಿ ಬಂತು. ಅಷ್ಟು ಮೆತ್ತಗಿನ ದನಿ ಅವರಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ.

"ಮುಚ್ಚಿತಾ?"

ಮೂಗೆಳೆಯುವುದು ಕೇಳಿಸಿತು.

"ಮುಚ್ಚಿತು" ಎಂದರು ಮಾಮಿ.

"ಹಾಗಾದ್ರೆ ಇನ್ನು ಮೇಲೆ ಹೀಗೇ ಇರ್ಲಿ."